ಲಿಫ್ಟ್ ನಿಲ್ಲಿಸಿ ಹಿಡಿದ ನೀಹಾರಿಕೆ

ನಮ್ಮವರಿಗೆ ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಯಾವುದಾದರೊಂದು ಕಟ್ಟಡದ ಲಿಫ್ಟ್ ಗುಂಡಿಯೊಳಗೆ ಇಳಿದು, ಮೈಗೆಲ್ಲ ಗ್ರೀಸ್ ಮೆತ್ತಿಕೊಂಡು, ತಲೆಯೆತ್ತಿದರೆ ಬರೀ ಸಿಮೆಂಟು ಗೋಡೆ ನೋಡಬೇಕು. ಹಾಗಾಗಿ ಸಂಜೆ ಮನೆಗೆ ಬಂದವರೇ ಆಕಾಶ ನೋಡಲು ತಾರಸಿಗೆ ಓಡಿದರೆ ನಾನು ತಪ್ಪೆನ್ನುವುದಿಲ್ಲ. ಬರೀ ನೋಡಿಕೊಂಡಿದ್ದರೆ ಸಾಕಿತ್ತು. ಹಳೆಯ ಕ್ಯಾಮೆರಾ ಒಂದನ್ನು ತಂದು, ಅದಕ್ಕೆ ಮೊಳದುದ್ದದ ಲೆನ್ಸು ಸಿಕ್ಕಿಸಿ, ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡರು. ಹೆತ್ತ ತಾಯಿಯದೊಂದು ಫೋಟೋ ನೆಟ್ಟಗೆ ತೆಗೆಯದವನು ನಕ್ಷತ್ರ ತೆಗೆಯುತ್ತಾನಂತೆ ಎಂದು ನಮ್ಮತ್ತೆ ಇವತ್ತಿಗೂ ಗೊಣಗುತ್ತಾರೆ.

ಆ ಫೋಟೋದ ಗುಟ್ಟು ಇಷ್ಟೇ. ಭೂಮಿ ಸುಮ್ಮನಿರುವುದಿಲ್ಲ, ತಿರುಗುತ್ತಲೇ ಇರುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಟ್ಟರೆ ಚುಕ್ಕಿಯಾಗಿರಬೇಕಾದ ನಕ್ಷತ್ರ ಗೆರೆಯಾಗಿಬಿಡುತ್ತದೆ. ಅದಕ್ಕೇ ಎರಡೆರಡು ಸೆಕೆಂಡಿನ ನೂರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುವುದು. ಬಿಡಿಯಾಗಿ ನೋಡಿದರೆ ಒಂದರಲ್ಲೂ ಹೇಳಿಕೊಳ್ಳುವಂಥದ್ದಿಲ್ಲ. ಹನಿಗೂಡಿದರೆ ಹಳ್ಳ ಅನ್ನುತ್ತಾರಲ್ಲ, ಹಾಗೆ ಕೂಡಿದಾಗ ಬಣ್ಣ ಎದ್ದು ಬರುತ್ತದೆ. ನಾನು ಬಟ್ಟೆ ಹೊಲಿಯುವವಳು, ನನಗಿದು ಬೇಗ ತಲೆಗೆ ಹೋಯಿತು. ಉದ್ದುದ್ದ ಹೊಲಿಗೆ ಬೇಗ ಮುಗಿಯುತ್ತದೆ, ಬೇಗ ಬಿಚ್ಚಿಯೂ ಹೋಗುತ್ತದೆ. ಬಾಳಿಕೆ ಬರುವುದು ಸಣ್ಣ ಹೊಲಿಗೆಯೇ.

ಇದಕ್ಕೆಲ್ಲ ಅಡ್ಡಗಾಲು ಹಾಕಿದ್ದು ನಮ್ಮ ಕಟ್ಟಡದ ಲಿಫ್ಟ್. ಅದನ್ನು ನೋಡಿಕೊಳ್ಳುವವರೂ ನಮ್ಮವರೇ. ಅದರ ಮೋಟಾರ್ ಕೋಣೆ ಇರುವುದು ತಾರಸಿಯ ಮೇಲೆ. ಕೆಳಗೆ ಯಾರಾದರೂ ಗುಂಡಿ ಒತ್ತಿದರೆ ಸಾಕು, ತಾರಸಿ ಸಣ್ಣಗೆ ಅದುರಿ ನಕ್ಷತ್ರಗಳೆಲ್ಲ ಕೊಕ್ಕೆಯ ಹಾಗೆ ಸೊಟ್ಟಗಾಗುತ್ತವೆ. ಅಂಥ ಫೋಟೋಗಳನ್ನು ಅವರು ಆರಿಸಿ ಎಸೆಯುತ್ತಾರೆ. ಎಲ್ಲರೂ ಕೆಲಸದಿಂದ ಮರಳುವ ಸಂಜೆಯ ಹೊತ್ತಿನಲ್ಲಂತೂ ಎಸೆಯುವುದೇ ಹೆಚ್ಚು.

ಎರಡನೆಯ ಅಡ್ಡಿ, ಕಟ್ಟಡದ ಸಂಘದ ಕಾರ್ಯದರ್ಶಿ. ಮೇಲಿನ ಮಹಡಿಯಲ್ಲಿರುವ ನಿವೃತ್ತ ಅಧಿಕಾರಿ. ಕೆಮ್ಮಿದರೂ ಒಂದು ಸುತ್ತೋಲೆ ಹೊರಡಿಸುವ ಆಸಾಮಿ. ಬೆನ್ನ ಹಿಂದೆ ಎಲ್ಲರೂ ಅವರನ್ನು ಸುತ್ತೋಲೆ ಎಂದೇ ಕರೆಯುವುದು. ತಾರಸಿಯಲ್ಲಿ ಒಣಹಾಕಿದ ಯಾರದೋ ಹೊದಿಕೆ ಕಾಣೆಯಾದದ್ದೇ ನೆಪವಾಗಿ, ಅಲ್ಲೊಂದು ದೊಡ್ಡ ದೀಪ ಹಾಕಿಸಬೇಕು, ರಾತ್ರಿಯಿಡೀ ಉರಿಸಬೇಕು, ಭಾನುವಾರದ ಸಭೆಯಲ್ಲಿ ತೀರ್ಮಾನ ಎಂದು ಲಿಫ್ಟಿನ ಬಾಗಿಲಿಗೆ ಅಂಟಿಸಿದರು. ಆ ದೀಪ ಬಂದರೆ ನಮ್ಮವರ ನಕ್ಷತ್ರಗಳ ಕಥೆ ಮುಗಿದಂತೆಯೇ. ಅವರಿಗೆ ಊಟ ಸೇರಲಿಲ್ಲ. ನಾನು ಎಷ್ಟೇ ರೇಗಿಸಲಿ, ಮಂಕಾಗಿ ಕೂತ ಆ ಮುಖ ನೋಡಿ ನನಗೆ ಸಂಕಟವಾಯಿತು. ಇರುವುದೊಂದು ಖುಷಿ, ಅದಕ್ಕೂ ಕಲ್ಲು ಬಿತ್ತಲ್ಲ ಎನ್ನಿಸಿತು.

ಕೊನೆಗೆ ಅವರೊಂದು ಉಪಾಯ ಹೂಡಿದರು. ನಮ್ಮ ತಾರಸಿಯಿಂದಲೇ ಒಂದು ಒಳ್ಳೆಯ ನೀಹಾರಿಕೆಯ ಚಿತ್ರ ತೆಗೆದು, ದೊಡ್ಡದಾಗಿ ಅಚ್ಚು ಹಾಕಿಸಿ ಸಭೆಗೆ ತೋರಿಸುವುದು. ಆದರೆ ವಾರವೆಲ್ಲ ಮೋಡ. ಆಕಾಶ ಬಿಟ್ಟುಕೊಟ್ಟದ್ದು ಶನಿವಾರ ಸಂಜೆ.

ಆ ಸಂಜೆ ನಾನು ಪರದೆ ಬಟ್ಟೆಯ ಗಂಟು ಹೊತ್ತು ಬಂದರೆ ಲಿಫ್ಟಿನ ಮುಂದೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು. ಅಕ್ಷರ ನಮ್ಮವರದೇ. ಹೋದ ವಾರವಷ್ಟೇ ಎಣ್ಣೆ ಹಾಕಿ ಸರಿಮಾಡಿದ ಲಿಫ್ಟಿಗೆ ಇದೇನು ರೋಗ ಎಂದುಕೊಂಡವಳಿಗೆ ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಹೊಳೆಯಿತು. ತಾರಸಿ ಅದುರಬಾರದೆಂದು ಲಿಫ್ಟನ್ನೇ ನಿಲ್ಲಿಸಿದ್ದಾರೆ. ಇಂಥ ಬುದ್ಧಿ ಲಿಫ್ಟ್ ಮೆಕ್ಯಾನಿಕ್ಕಿಗಲ್ಲದೆ ಇನ್ನಾರಿಗೆ ಹೊಳೆದೀತು? ಸಿಟ್ಟು ನೆತ್ತಿಗೇರಿತು.

ಮೂರನೇ ಮಹಡಿಯ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ಕೂತಿದ್ದರು, ಸಾಕ್ಷಾತ್ ಸುತ್ತೋಲೆ. ಪಕ್ಕದಲ್ಲಿ ತರಕಾರಿ ಚೀಲ, ಮುಖದ ತುಂಬ ಬೆವರು. ನಾಳೆಯ ಸಭೆಯಲ್ಲಿ ಯಾರ ಮಾತು ನಡೆಯಬೇಕೋ ಅವರನ್ನೇ ನಮ್ಮವರು ಮೆಟ್ಟಿಲು ಹತ್ತಿಸಿದ್ದರು. ಮೆಕ್ಯಾನಿಕ್ ಎಲ್ಲಿ ಎಂದು ಕೇಳಿದರು. ಮೇಲಿದ್ದಾರೆ ಎಂದೆ. ಅದು ಸುಳ್ಳಲ್ಲ. ಸರಿ, ನಾನೇ ಹೋಗಿ ವಿಚಾರಿಸುತ್ತೇನೆ ಎಂದು ಅವರು ಕಂಬಿ ಹಿಡಿದು ಎದ್ದರು.

ನಾನು ಗಂಟನ್ನು ಅಲ್ಲೇ ಎಸೆದು ಓಡಿದೆ. ತಾರಸಿಯಲ್ಲಿ ನಮ್ಮವರು ತಪಸ್ಸಿಗೆ ಕೂತ ಹಾಗೆ ಕೂತಿದ್ದರು, ಕ್ಯಾಮೆರಾ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಏದುಸಿರು ಬಿಡುತ್ತಲೇ ಬೈದೆ. ಇನ್ನು ಹತ್ತಿಪ್ಪತ್ತು ಫೋಟೋ ಅಷ್ಟೇ ಕಣೇ ಎಂದು ಗೋಗರೆದರು. ಮುದುಕರ ಮಂಡಿ ಕಳಚಿ ಬೀಳುತ್ತಿದೆ, ಮೊದಲು ಲಿಫ್ಟ್ ಬಿಡಿ ಎಂದೆ. ಅವರು ಎದ್ದು ಮೋಟಾರ್ ಕೋಣೆಯ ಕಡೆ ತಿರುಗುವುದಕ್ಕೂ ಕಬ್ಬಿಣದ ಬಾಗಿಲು ಧಡಾರೆಂದು ತೆರೆಯುವುದಕ್ಕೂ ಸರಿಹೋಯಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ.

ಸುತ್ತೋಲೆ ಕ್ಯಾಮೆರಾ ನೋಡಿದರು, ಕುರ್ಚಿ ನೋಡಿದರು. ಸ್ಪ್ಯಾನರ್ ಎಲ್ಲೂ ಕಾಣಲಿಲ್ಲ.

"ಲಿಫ್ಟ್ ಕೆಟ್ಟಿಲ್ಲ ಸರ್" ಎಂದರು ನಮ್ಮವರು. "ನಾನೇ ನಿಲ್ಲಿಸಿದ್ದು. ಫೋಟೋ ಅಲುಗಾಡ್ಬಾರ್ದು ಅಂತ. ತಪ್ಪಾಯ್ತು."

ಸುಳ್ಳು ಹೇಳಲು ಬಾರದ ಗಂಡನನ್ನು ಕಟ್ಟಿಕೊಂಡರೆ ಹೀಗೇ. ಆದರೂ ಆ ಗಳಿಗೆಯಲ್ಲಿ ಅವರ ಬಗ್ಗೆ ನನಗೆ ಹೆಮ್ಮೆಯೇ ಆಯಿತು. ಅವರು ಹೋಗಿ ಲಿಫ್ಟ್ ಚಾಲೂ ಮಾಡಿದರು. ನಾನು ಕುರ್ಚಿ ಮುಂದೆ ತಳ್ಳಿದೆ. ಸುತ್ತೋಲೆ ಅದರಲ್ಲಿ ಕೂತು ಮಂಡಿ ನೀವಿಕೊಂಡರು. ದೀಪ ಹಾಕಿಸುವುದಲ್ಲದೆ ನಮ್ಮಿಂದ ಮನೆಯನ್ನೂ ಖಾಲಿ ಮಾಡಿಸುತ್ತಾರೆ ಎಂದೇ ನನ್ನ ಲೆಕ್ಕ.

"ನನ್ನ ಮಂಡಿ ಹಾಳಾಗಿದ್ದು ಯಾವ ಪುರುಷಾರ್ಥಕ್ಕೆ ಅಂತಾದ್ರೂ ನೋಡ್ಬೇಕಲ್ಲ" ಎಂದರು ಕೊನೆಗೆ. "ತೋರ್ಸಿ."

ನಮ್ಮವರು ಲ್ಯಾಪ್‌ಟಾಪ್ ತೆರೆದರು. ಮೊದಲು ಒಂದೇ ಒಂದು ಫೋಟೋ ತೋರಿಸಿದರು. ಕಪ್ಪು ಬಟ್ಟೆಯ ಮೇಲೆ ಸುಣ್ಣ ಒರೆಸಿದಂಥ ಬೂದು ಕಲೆ. ಇದಕ್ಕಾ ಎನ್ನುವಂತೆ ಸುತ್ತೋಲೆ ನನ್ನನ್ನು ನೋಡಿದರು. ಕೂಡಿಸುವ ಕೆಲಸ ಮುಗಿಯುವಷ್ಟರಲ್ಲಿ ನಾನು ಕೆಳಗೆ ಹೋಗಿ ಚಹಾ ತಂದೆ. ಅವರು ಲೋಟ ಬಾಯಿಗಿಡುವ ಹೊತ್ತಿಗೆ ಪರದೆಯ ಮೇಲೆ ಗುಲಾಬಿ ಬಣ್ಣದ ಮೋಡವೊಂದು ರೆಕ್ಕೆ ಬಿಚ್ಚಿತ್ತು, ಅದರ ನಡುವೆ ಒತ್ತೊತ್ತಾಗಿ ನಾಲ್ಕು ಚುಕ್ಕಿ.

"ಇದು ನಮ್ಮ ತಾರಸಿ ಮೇಲಿತ್ತಾ?"

"ಈ ಕಾಲದಲ್ಲಿ ದಿನಾ ಸಂಜೆ ಇರುತ್ತೆ ಸರ್, ರಾತ್ರಿ ಬೇಗ ಮುಳುಗುತ್ತೆ. ಮಹಾವ್ಯಾಧ ನಕ್ಷತ್ರಪುಂಜದಲ್ಲಿ, ಬೇಟೆಗಾರನ ಸೊಂಟದ ಕೆಳಗೆ."

ಅವರು ತಲೆಯೆತ್ತಿ ಆಕಾಶ ನೋಡಿದರು, ಮತ್ತೆ ಪರದೆ ನೋಡಿದರು. ಚಹಾ ಆರಿತು. ಆಮೇಲೆ ನಮ್ಮವರು ಬೇಡವೆಂದು ಪಕ್ಕಕ್ಕಿಟ್ಟಿದ್ದ ಒಂದು ಫೋಟೋದ ಮೇಲೆ ಅವರ ಬೆರಳು ಹೋಯಿತು. ಅದರಲ್ಲಿ ಒಂದು ನಕ್ಷತ್ರವೂ ನೆಟ್ಟಗಿರಲಿಲ್ಲ. ಇದ್ಯಾಕೆ ಹೀಗೆ ಎಂದು ಕೇಳಿದರು. ನಾನೇ ಹೇಳಿಬಿಟ್ಟೆ: "ಅದು ನೀವು ಬಾಗಿಲು ನೂಕಿದ್ದು, ಸರ್."

"ಅಂದ್ರೆ ಇದು ನಂದು" ಎಂದರು ಸುತ್ತೋಲೆ. "ಅಷ್ಟು ಮೆಟ್ಟಿಲು ಹತ್ತಿ ಬಂದ್ರೆ ನನ್ನನ್ನೇ ತೆಗೆದು ಹಾಕ್ತೀರಾ? ಇದನ್ನೂ ಅಚ್ಚು ಹಾಕ್ಸಿ."

ಮರುದಿನ ಸಭೆಯಲ್ಲಿ ಅವರು ಎರಡೂ ಚಿತ್ರಗಳನ್ನು ಎತ್ತಿ ಹಿಡಿದರು. ಮೊದಲನೆಯದನ್ನು ನೋಡಿ ಎಲ್ಲರೂ ಬಾಯಿಬಿಟ್ಟರು. ಎರಡನೆಯದನ್ನು ತೋರಿಸಿ ಸುತ್ತೋಲೆ ಗಂಟಲು ಸರಿಮಾಡಿಕೊಂಡರು. "ನಾನೊಂದು ಬಾಗಿಲು ನೂಕಿದ್ದಕ್ಕೇ ನಕ್ಷತ್ರಗಳ ಗತಿ ಹೀಗಾಗಿದೆ. ಇನ್ನು ದೀಪ ಹಾಕಿದ್ರೆ ಅವು ಉಳೀತಾವಾ?" ದೀಪ ಬೇಕೆಂದವರೇ ಬೇಡವೆಂದ ಮೇಲೆ ಎದುರು ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ. ದೀಪಕ್ಕೊಂದು ಸ್ವಿಚ್ಚು ಇರಲಿ, ಬಟ್ಟೆ ತೆಗೆಯಲು ಬಂದವರು ಹಾಕಿಕೊಂಡು ಆರಿಸಿ ಹೋಗಲಿ ಎಂದು ತೀರ್ಮಾನವಾಯಿತು. ನಮ್ಮವರು ನನ್ನ ಕೈ ಹಿಡಿದದ್ದು ಇಡೀ ಸಭೆಗೆ ಕಾಣಿಸಿತು, ನಾನು ಬಿಡಿಸಿಕೊಳ್ಳಲಿಲ್ಲ.

ಸಂಜೆಗೆ ಹೊಸ ಸುತ್ತೋಲೆ ಬಿತ್ತು: ತಾರಸಿಯ ಬಾಗಿಲನ್ನು ಮೆಲ್ಲಗೆ ತೆರೆಯತಕ್ಕದ್ದು. ಯಾವ ಕಾರಣಕ್ಕೂ ಲಿಫ್ಟ್ ನಿಲ್ಲಿಸತಕ್ಕದ್ದಲ್ಲ. ಮೆಕ್ಯಾನಿಕ್ ಕುಟುಂಬ ಒಂದು ತಿಂಗಳು ಮೆಟ್ಟಿಲನ್ನೇ ಬಳಸತಕ್ಕದ್ದು, ಹಿರಿಯರಿಗೆ ರಿಯಾಯಿತಿ. ಮಾಡಿದ್ದುಣ್ಣೋ ಮಹಾರಾಯ ಎಂದು ಅತ್ತೆ ಲಿಫ್ಟಿನೊಳಗಿಂದ ನಕ್ಕರು. ನಾನೇನು ಮಾಡಿದ್ದೆ ಎಂದು ಕೇಳುವವರಿಲ್ಲ.

ನಿನ್ನೆ ಸಂಜೆ ತಾರಸಿಗೆ ಹೋದೆ. ಮೋಟಾರ್ ಕೋಣೆಯ ಗೋಡೆಗೆ ಕಿವಿಗೊಟ್ಟು ಕುರ್ಚಿಯಲ್ಲಿ ಸುತ್ತೋಲೆ ಕೂತಿದ್ದರು. ಒಳಗೆ ಗುಂಯ್ ಎಂದಾಗ ಅವರ ಕೈ ಮೇಲೇಳುತ್ತದೆ, ನಮ್ಮವರು ಕ್ಯಾಮೆರಾ ತಡೆಯುತ್ತಾರೆ. ಸದ್ದು ನಿಂತರೆ ಕೈ ಇಳಿಯುತ್ತದೆ, ಕ್ಯಾಮೆರಾ ಮತ್ತೆ ಟಿಕ್ ಟಿಕ್. ಬಾಗಿಲನ್ನು ನಾನು ಆದಷ್ಟು ಮೆಲ್ಲಗೇ ತೆರೆದಿದ್ದೆ. ಆದರೂ ಇಬ್ಬರೂ ಒಟ್ಟಿಗೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.