ಎಂಜಲು ದಾರ

“ಏಯ್, ಮೆತ್ತಗೆ ಕೀಳೇ! ಕೋಳಿ ಪುಕ್ಕ ತರೀತಿದ್ದೀಯಾ?”

ಮಾದಿಹಳ್ಳಿಯ ದೊಡ್ಡಮನೆ ರುಕ್ಮಿಣಮ್ಮ ಕುರ್ಚಿಯಲ್ಲೇ ಕುಪ್ಪಳಿಸಿದಳು. ಹುಬ್ಬು ತಿದ್ದುತ್ತಿದ್ದ ದೇವೀರಮ್ಮ ಉತ್ತರ ಕೊಡುವ ಹಾಗಿರಲಿಲ್ಲ, ದಾರದ ಒಂದು ತುದಿ ಅವಳ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಎಡಗಡೆಯ ಹುಬ್ಬು ಬಿಲ್ಲಿನ ಹಾಗೆ ಬಗ್ಗಿ ನಿಂತಿತು. ಅವಳು ದಾರ ಬಿಟ್ಟು ಪಾರ್ಲರಿನಲ್ಲಿ ಕಲಿತ ದನಿಯಲ್ಲಿ ಹೇಳಿದಳು: “ಚರ್ಮ ಎಳೆದು ಹಿಡ್ಕೊಳ್ಳಿ ಮೇಡಂ. ಸಡಿಲ ಬಿಟ್ರೆ ನೋವಾಗುತ್ತೆ.”

“ಮೇಡಂ ಗೀಡಂ ಬ್ಯಾಡ, ಅಮ್ಮಾವ್ರೇ ಅನ್ನು ಸಾಕು. ಅದ್ಸರಿ, ನಿಮ್ಮದು ಯಾವ ಜನ?”

“ನಾವು ಪಾರ್ಲರ್ ಜನ ಮೇಡಂ.”

ಪಕ್ಕದಲ್ಲಿ ಮುಖಕ್ಕೆ ಕೆಸರಿನಂಥದ್ದು ಮೆತ್ತಿಸಿಕೊಂಡು ಕೂತಿದ್ದ ರುಕ್ಮಿಣಮ್ಮನ ಮಗಳು, ಮದುಮಗಳು ನಯನಾ ಕಿಸಕ್ಕನೆ ನಕ್ಕಳು. ನಕ್ಕಿದ್ದಕ್ಕೆ ಕೆನ್ನೆಯ ಮೇಲಿನ ಲೇಪ ಬಿರುಕು ಬಿಟ್ಟಿತು. ಸಂಜೆ ಆರತಕ್ಷತೆ. ಹೊರಗೆ ಚಪ್ಪರಕ್ಕೆ ತೆಂಗಿನ ಗರಿ ಕಟ್ಟುವವರ ಕೂಗಾಟ ಕೇಳುತ್ತಿತ್ತು.

ಜನದ ವಿಚಾರ ದೇವೀರಮ್ಮ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಅವಳು ಹುಟ್ಟಿದ್ದು ಇದೇ ಊರಿನ ಕೇರಿಯಲ್ಲಿ. ಅವಳವ್ವ ಮುದ್ದಮ್ಮ ಈಗಲೂ ಇದೇ ಮನೆಯ ಕೊಟ್ಟಿಗೆಯ ಸಗಣಿ ಬಾಚುತ್ತಾಳೆ. ಲಂಗ ಉಡುವ ವಯಸ್ಸಿನಲ್ಲಿ ದೇವೀರಮ್ಮನೂ ಬಾಚಿದವಳೇ. ಆಗೆಲ್ಲ ಅವಳಿಗೆ ಈ ಮನೆ ಅಂದರೆ ಹಿತ್ತಿಲ ಗೋಡೆ, ಅಷ್ಟೆ. ಮದುವೆಯಾಗಿ ಅರಸೀಕೆರೆ ಸೇರಿ ಎಷ್ಟೋ ವರ್ಷ ಆಗಿತ್ತು. ಜಡೆ ಹೋಗಿ ಭುಜದುದ್ದ ಕತ್ತರಿಸಿದ ಕೂದಲು ಬಂದಿತ್ತು, ಚೂಡಿದಾರದ ಮೇಲೆ ಬಿಳಿ ಕೋಟು ಬಂದಿತ್ತು, ಹೆಸರು ತುಂಡಾಗಿ ‘ದೇವಿ’ ಆಗಿತ್ತು. ಇವತ್ತು ದೊಡ್ಡಮನೆಯ ಯಜಮಾನ ತಿಮ್ಮಯ್ಯನ ಟಾಟಾ ಸುಮೋ ಅವಳನ್ನು ಅರಸೀಕೆರೆಯಿಂದ ಕರೆತಂದು ಮುಂಬಾಗಿಲಿಗೇ ಇಳಿಸಿತ್ತು. ತನಗೇ ಮದುವೆಯೇನೋ ಅನ್ನುವ ಹಾಗೆ ಅವಳು ಬಲಗಾಲಿಟ್ಟು ಹೊಸಿಲು ದಾಟಿದ್ದಳು. ಸ್ಟೀಲ್ ಲೋಟದಲ್ಲಿ ಕಾಫಿಯೂ ಬಂದಿತ್ತು.

ಅವಳೂ ಗಂಡ ಹನುಮಂತಯ್ಯನೂ ದುಡಿಯುತ್ತಿದ್ದ ಕೊಬ್ಬರಿ ಗೋಡೌನು ಮುಚ್ಚಿದ ಮೇಲೆ ಬರೀ ಕೈ ನೋಡಿಕೊಂಡು ಕೂತಿದ್ದ ಕಾಲದಲ್ಲಿ ಅವಳು ಈ ಕೆಲಸ ಕಲಿತದ್ದು. ಒಂದು ದಿನ ಆಟೋ ಒಂದು ಮೈಕು ಕಟ್ಟಿಕೊಂಡು ರೈಲ್ವೆ ಸ್ಟೇಷನ್ ಹಿಂದಿನ ಬೀದಿಗಳಲ್ಲೆಲ್ಲ ಕೂಗಿತು: ಸಮುದಾಯ ಕಾಲೇಜು, ಎಸ್ಸೆಲ್ಸಿ ಫೇಲಾದವರೂ ಬರಬಹುದು, ವಯಸ್ಸಿನ ಅಡ್ಡಿಯಿಲ್ಲ, ಕಲಿತವರಿಗೆ ಸರ್ಟಿಫಿಕೇಟು, ಕೆಲಸ. ನಲ್ಲಿ ಹತ್ತಿರ ನೀರು ಹಿಡಿಯುತ್ತಿದ್ದವರು ಕೇಳಿದ ಮೊದಲ ಪ್ರಶ್ನೆ, “ಸಮುದಾಯ ಅಂದ್ರೆ ಯಾವ ಸಮುದಾಯದ್ದಂತೆ? ನಮ್ದಾ, ಅವ್ರದಾ?”

ಕೋರ್ಸುಗಳಲ್ಲಿ ಹೊಲಿಗೆ ಇತ್ತು, ಆಸ್ಪತ್ರೆ ಆಯಾ ಕೆಲಸ ಇತ್ತು. ದೇವೀರಮ್ಮ ಬ್ಯೂಟಿಷಿಯನ್ ಅಂತ ಬರೆಸಿ ಬಂದಳು. ಹನುಮಂತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಮ್ ಕೈಗೆ ಮೂತಿ ಕೊಡೋ ಮೂದೇವಿ ಯಾವಳೇ ಅವ್ಳೆ ಈ ತಾಲೂಕ್ನಾಗೆ?”

“ಮೂತಿ ಮೇಲೆ ಕೂದ್ಲಿರೋಳು ಯಾವಳಾದ್ರೂ ಸರಿ,” ಅಂದಿದ್ದಳು ಅವಳು.

ಕಲಿಯುವವರು ಒಬ್ಬರ ಹುಬ್ಬು ಒಬ್ಬರು ತಿದ್ದಿಯೇ ಕೈ ಪಳಗಿಸಿಕೊಳ್ಳಬೇಕಿತ್ತು. ಮೊದಲ ದಿನ ದೇವೀರಮ್ಮನ ಜೋಡಿಗೆ ಬಿದ್ದವಳು ತಲೆನೋವು ಅಂದಳು. ಮಾರನೇ ದಿನ ಇನ್ನೊಬ್ಬಳಿಗೂ ತಲೆನೋವು. ಪಾಠ ಮಾಡುವ ಶಾಂತಾದೇವಿ ಭಾಷಣ ಬಿಗಿಯಲಿಲ್ಲ. ಕನ್ನಡಕ ತೆಗೆದಿಟ್ಟು ತಾನೇ ಕುರ್ಚಿಯಲ್ಲಿ ಕೂತು, “ಬಾರಮ್ಮ, ನನ್ನ ಹುಬ್ಬಂತೂ ಕಾಡು ಬೆಳೆದಂಗೆ ಬೆಳೆದಿದೆ” ಅಂದಳು. ದೇವೀರಮ್ಮ ಆ ದಿನ ಮೇಡಮ್ಮಿನ ಹುಬ್ಬನ್ನು ಕಂಬಳಿಹುಳದ ಹಾಗೆ ಮಾಡಿಟ್ಟಳು. ಶಾಂತಾದೇವಿ ಅದನ್ನು ಹೊತ್ತುಕೊಂಡೇ ಊರೆಲ್ಲ ತಿರುಗಿದಳು. ಕೋರ್ಸು ಮುಗಿಯುವ ಹೊತ್ತಿಗೆ ತಲೆನೋವಿನವರೇ ದೇವೀರಮ್ಮನ ಮುಂದೆ ಸಾಲು ನಿಲ್ಲುತ್ತಿದ್ದರು.

ಕಾಲೇಜೇ ಅವಳನ್ನು ಅರಸೀಕೆರೆಯ ಮಾಲಿನಿಯ ಪಾರ್ಲರಿಗೆ ಸೇರಿಸಿತು. ಮಾಲಿನಿ ಕೆಟ್ಟವಳಲ್ಲ, ವ್ಯಾಪಾರದವಳು. “ಊರು ಕೇಳಿದ್ರೆ ಹಾಸನ ಅನ್ನು. ಮಿಕ್ಕಿದ್ದು ಕೇಳಿದ್ರೆ ನಗು,” ಅಂದಿದ್ದಳು. ಮಾದಿಹಳ್ಳಿಯ ಮದುವೆ ಬಂದಾಗ ಮಾಲಿನಿಗೆ ಅದೇ ದಿನ ಬೇಲೂರಿನಲ್ಲಿ ಇನ್ನೊಂದು ಮದುಮಗಳಿದ್ದಳು. “ನೀನು ಹೋಗಿ ಗೆದ್ದು ಬಂದ್ರೆ ಕೆಲಸ ಖಾಯಂ.” ಊರಿನ ಹೆಸರು ಕೇಳಿ ದೇವೀರಮ್ಮ ಒಲ್ಲೆ ಅನ್ನಹೊರಟಳು. ಆದರೂ ಆ ಮನೆಯನ್ನು ಒಳಗಡೆಯಿಂದ ನೋಡುವ ಆಸೆ ಬಿಡಲಿಲ್ಲ.

ಈಗ ರುಕ್ಮಿಣಮ್ಮನ ಬಲಗಡೆಯ ಹುಬ್ಬಿಗೆ ಪೌಡರು ಸವರಿ, ದಾರ ಹಲ್ಲಿಗೆ ಕಚ್ಚಿಕೊಂಡು ಬಗ್ಗಿದ್ದಳು. ಹಿತ್ತಿಲ ಕಡೆಯ ಕಿಟಕಿಯಲ್ಲಿ ಸಗಣಿ ಮಂಕರಿ ಹೊತ್ತ ತಲೆಯೊಂದು ಕಾಣಿಸಿತು. ಮಂಕರಿ ಅಲ್ಲೇ ಧೊಪ್ಪೆಂದಿತು.

“ಅಯ್ಯೋ ನಮ್ ದೇವೀರಿ! ಏ ನನ್ ಮಗ್ಳೇ! ಅಮ್ಮಾವ್ರೇ, ನನ್ ಮಗ್ಳು ಕಣವ್ವ ಅದು! ಕಾಲೇಜ್ ಓದವ್ಳೆ!”

ಮುದ್ದಮ್ಮನ ಕಣ್ಣಲ್ಲಿ ನೀರು, ಬಾಯ್ತುಂಬ ನಗು. ಒಳಗೆ ಯಾರೂ ನಗಲಿಲ್ಲ. ರುಕ್ಮಿಣಮ್ಮ ಮುಚ್ಚಿದ್ದ ಕಣ್ಣು ಬಿಟ್ಟಳು. ಎದುರಿಗೇ ದೇವೀರಮ್ಮನ ಮುಖ, ಅದರ ಹಲ್ಲಿನಲ್ಲಿ ದಾರ, ಆ ದಾರ ತನ್ನ ಹಣೆಯ ಮೇಲೆ.

“ಎಂಜ್ಲು! ಎಂಜ್ಲು ದಾರ! ಲೌಡಿ ಮುಂಡೆ, ನನ್ ಮುಖಕ್ಕೆ ನಿನ್ ಎಂಜ್ಲು ಸವರಿದ್ಯೇನೇ!”

ಕುರ್ಚಿ ಉರುಳಿತು. ತಿಮ್ಮಯ್ಯ ಚಪ್ಪರದಿಂದ ಓಡಿ ಬಂದ. ವಿಷಯ ತಿಳಿಯುತ್ತಲೇ ಅವನ ಕಣ್ಣು ಮೊದಲು ಹೋದದ್ದು ಕಾಫಿ ಲೋಟದ ಮೇಲೆ. ಅದನ್ನು ಟವೆಲಿನಲ್ಲಿ ಹಿಡಿದು ಕಿಟಕಿಯಾಚೆ ಬಿಸಾಡಿದ. ಮುದ್ದಮ್ಮ ಬಗ್ಗಿ ಎತ್ತಿಕೊಂಡು ಸೆರಗಿಗೆ ಒರೆಸಿದಳು. ಗಟ್ಟಿ ಲೋಟ, ಬಿಸಾಡಲು ಮನಸ್ಸು ಹೇಗೆ ಬಂತೋ.

“ಹೊಲ್ಗೇರಿಯೋಳು ಮುಂಬಾಕ್ಲಾಗೆ ಬರಂಗಾಯ್ತೇನೇ? ಯಾರೇ ನಿನ್ನ ಕಳ್ಸಿದ್ದು?”

“ನಿಮ್ ಕಾರೇ ಕರ್ಕೊಂಡ್ ಬಂತಲ್ಲ ಸಾರ್.”

ಪುರೋಹಿತರನ್ನು ಕರೆದರು. ಅವರು ರುಕ್ಮಿಣಮ್ಮನ ಹಣೆಯನ್ನು ದೂರದಿಂದಲೇ ನೋಡಿದರು. ಒಂದು ಕಡೆ ಬಿಲ್ಲು, ಇನ್ನೊಂದು ಕಡೆ ಬೇಲಿ. ಪಂಚಗವ್ಯ ಪ್ರೋಕ್ಷಣೆ ಆಗಲಿ ಅಂದರು. ಹುಬ್ಬು ಅರ್ಧಕ್ಕೇ ನಿಂತಿದ್ದಕ್ಕೆ ಏನು ಮಾಡೋದು ಅಂತ ರುಕ್ಮಿಣಮ್ಮ ಕೇಳಿದ್ದಕ್ಕೆ, ಅದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಅಂದುಬಿಟ್ಟರು.

ನಯನಾ ಒದರಿದಳು: “ಅಮ್ಮಾ, ನಿಮ್ ಮಡಿ ಆಮೇಲೆ ಮಾಡ್ಕೊಳ್ಳಿ! ಗಂಡಿನ ಕಡೆಯವರು ಹಳೇಬೀಡಿಗೆ ಬಂದು ಕಾಫಿ ಕುಡೀತಾ ಇದಾರಂತೆ. ನಾನು ಈ ಮೂತಿಯಲ್ಲೇ ಫೋಟೋಕ್ಕೆ ನಿಲ್ಲಬೇಕಾ?”

ತಿಮ್ಮಯ್ಯ ಮಾಲಿನಿಗೆ ಫೋನು ಹಚ್ಚಿ ವಾಚಾಮಗೋಚರ ಬೈದ. ಬೇಲೂರಿನಿಂದ ಅವಳು ಬರುವ ಹಾಗಿರಲಿಲ್ಲ. ಗಂಡ ಹೆಂಡತಿ ಮೂಲೆಯಲ್ಲಿ ಪಿಸಪಿಸ ಮಾತಾಡಿಕೊಂಡರು. ಕೊನೆಗೆ ತಿಮ್ಮಯ್ಯ ಬಂದು ದೊಡ್ಡ ಉಪಕಾರ ಮಾಡುವವನಂತೆ ಹೇಳಿದ:

“ಆಗಿದ್ದು ಆಗೋಯ್ತು. ಹಿತ್ಲಾಗೆ ಕೊಟ್ಟಿಗೆ ತಾವ ಕುರ್ಚಿ ಹಾಕಿಸ್ತೀನಿ. ಬಾಯಿಗೆ ಬಟ್ಟೆ ಕಟ್ಕೊಂಡು, ದಾರ ಬಾಯಿಗಿಕ್ಕದೆ, ನನ್ ಮಗ್ಳಿಗೆ ಎಲ್ಲಾ ಮಾಡಿ ಮುಗ್ಸು. ಹಂಗೇ ಹಿತ್ಲಿಂದ ಹೊರಟೋಗು. ತಗಾ, ನಿಮ್ಮೋಳು ಮಾತಾಡ್ತಾಳಂತೆ.”

ಫೋನಿನಲ್ಲಿ ಮಾಲಿನಿಯ ದನಿ ಸೋತಿತ್ತು. “ಹೊಂದ್ಕೊಂಡು ಮಾಡಿ ಬಾ ದೇವಿ. ಇಲ್ದಿದ್ರೆ ನಾಳೆಯಿಂದ ಅಂಗಡಿಗೆ ಬರೋದು ಬೇಡ. ನಂಗೂ ಬೇರೆ ದಾರಿ ಇಲ್ಲ.”

ದೇವೀರಮ್ಮ ಫೋನು ಮೇಜಿನ ಮೇಲಿಟ್ಟಳು. ಗಂಡನ ನೆನಪಾಯಿತು. ಗೋಡೌನಿನ ಧೂಳು, ನಲ್ಲಿಯ ಸಾಲು, ಖಾಯಂ ಎಂಬ ಮಾತು. ಹೂಂ ಅಂದುಬಿಡಬೇಕು ಅಂತ ನಾಲಿಗೆಯ ತುದಿಗೆ ಬಂತು. ಕಿಟಕಿಯಾಚೆ ಅವ್ವ ಲೋಟವನ್ನು ಎದೆಗವಚಿಕೊಂಡು ನಿಂತು, ಹೂಂ ಅನ್ನು ಅಂತ ಕಣ್ಣಲ್ಲೇ ಬೇಡುತ್ತಿದ್ದಳು. ಅದನ್ನು ನೋಡಿದ್ದೇ ತಡ, ಪಾರ್ಲರಿನ ಕನ್ನಡ ಕಳಚಿಬಿತ್ತು.

“ಕೊಟ್ಟಿಗೇಲಿ ಕೂರ್ಸಿ ಮಾಡೋದ್ನ ನಮ್ ಕಾಲೇಜ್ನಾಗೆ ಕಲ್ಸಿಲ್ಲ ಸ್ವಾಮಿ. ದನ ನೋಡಕ್ಕೆ ಬ್ಯಾರೆ ಡಾಕ್ಟ್ರು ಬತ್ತಾರೆ, ಅವ್ರನ್ನ ಕರ್ಸಿ.”

ಬ್ರಷ್ಷು, ಬಾಟಲಿ, ಡಬ್ಬಿ ಎಲ್ಲ ಪೆಟ್ಟಿಗೆಗೆ ತುಂಬಿಕೊಂಡು, ಹೊಡೆಯಲು ಕೈಯೆತ್ತಿದ ತಿಮ್ಮಯ್ಯನ ಪಕ್ಕದಲ್ಲೇ ಮುಂಬಾಗಿಲಿನಿಂದ ನಡೆದಳು. ಚಪ್ಪರದ ತುಂಬ ನೆಂಟರಿದ್ದರು. ಎತ್ತಿದ ಕೈಯನ್ನು ತಿಮ್ಮಯ್ಯ ತನ್ನ ತಲೆ ಕೆರೆದುಕೊಳ್ಳಲು ಬಳಸಿದ.

ಕೇರಿ ಮುಟ್ಟುವವರೆಗೂ ಮುದ್ದಮ್ಮ ಹಿಂದೆಯೇ ಬೈದುಕೊಂಡು ಬಂದಳು. “ನಿನ್ ಕಾಲೇಜಿಗೆ ಬೆಂಕಿ ಹಾಕ! ನಿಂದೂ ಕಳ್ಕೊಂಡೆ, ನಂದೂ ಕಳ್ದೆ. ನಾಳೆ ಕೊಟ್ಟಿಗೆಗೆ ಯಾವ್ ಮಕ ಇಟ್ಕೊಂಡು ಹೋಗ್ಲಿ?”

“ಈ ಮಕವ? ತಾಳು, ಮೊದ್ಲು ಅದ್ನ ಸರಿ ಮಾಡನ.”

ಹುಣಸೆಮರದ ಕೆಳಗೆ ಚಾಪೆ ಹಾಸಿ ಅವ್ವನನ್ನು ಹಿಡಿದು ಕೂರಿಸಿದಳು. ಮುದ್ದಮ್ಮ ಕೊಸರಾಡಿದಳು, ನಾಚಿದಳು, ಥೂ ಅಂದಳು. ಆಮೇಲೆ ಮಗಳ ಒದ್ದೆ ಹತ್ತಿ ಕೆನ್ನೆಯ ಮೇಲೆ ಓಡಾಡಿದಾಗ ಮುಖವನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ತಂದೆ ಹೊಡೆದಿದ್ದು, ಗಂಡ ಹೊಡೆದಿದ್ದು, ದೊಡ್ಡಮನೆಯವರು ಹೊಡೆದಿದ್ದು ಬಿಟ್ಟರೆ ಆ ಮುಖವನ್ನು ಮುಟ್ಟಿದವರಿಲ್ಲ. ಸುದ್ದಿ ಕೇಳಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು.

“ನಂಗೂ ಮಾಡೇ ದೇವೀರಿ, ನನ್ ಗಂಡ ಗುರ್ತು ಹಿಡೀಬಾರ್ದು.”

“ನಿನ್ ಗಂಡ ಕುಡಿದ್ರೆ ಅವ್ನವ್ವನ್ನೇ ಗುರ್ತು ಹಿಡಿಯಲ್ಲ, ಕೂತ್ಕಳೇ ಸಾಲ್ನಾಗೆ!”

ನಗು ಇನ್ನೂ ಮುಗಿದಿರಲಿಲ್ಲ, ಕೇರಿಯ ಬಾಯಿಗೆ ಸುಮೋ ಬಂದು ನಿಂತಿತು. ಇಬ್ಬರು ಹೆಂಗಸರು ಮೆಲ್ಲಗೆ ಎದ್ದು ಗುಡಿಸಲು ಸೇರಿಕೊಂಡರು. ಮಿಕ್ಕವರು ಎದ್ದರೂ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ನಯನಾ ಇದ್ದಳು, ಪಕ್ಕದಲ್ಲಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡ ರುಕ್ಮಿಣಮ್ಮ. ತಿಮ್ಮಯ್ಯ ಇಳಿದ. ಕೇರಿಯ ಮಣ್ಣಿಗೆ ಕಾಲಿಡದೆ ರಸ್ತೆಯ ಅಂಚಿನಲ್ಲೇ ನಿಂತ.

“ಏಯ್ ದೇವೀರಿ! ಕಾರು ಹತ್ತು. ನಡುಮನೇಲೇ ಮಾಡ್ವಂತೆ, ಬಾ.”

ಮುದ್ದಮ್ಮ ಏಳಹೋದಳು. ದೇವೀರಮ್ಮ ಅವಳ ಭುಜ ಅದುಮಿ ಕೂರಿಸಿದಳು.

“ಕೆಲ್ಸ ನಡೀತಾ ಐತೆ ಸ್ವಾಮಿ. ಇವ್ರೆಲ್ಲ ಮೊದ್ಲೇ ಬಂದವ್ರೆ. ಚಾಪೆ ಮ್ಯಾಲೆ ಜಾಗ ಐತೆ, ಬಂದು ಕೂತ್ಕಳಕ್ಕೇಳಿ ನಿಮ್ ಮಗ್ಳಿಗೆ.”

ತಿಮ್ಮಯ್ಯ ಕೈಗಡಿಯಾರ ನೋಡಿಕೊಂಡ. ಹಳೇಬೀಡಿನ ರಸ್ತೆಯ ಕಡೆಯಿಂದ ಗಂಡಿನ ಕಡೆಯವರ ಬಸ್ಸಿನ ಹಾರನ್ ಕೇಳಿಸಿತು. ದೊಡ್ಡಮನೆಯ ಮುಂದೆ ವಾಲಗ ಶುರುವಾಯಿತು.

ಕಾರಿನ ಹಿಂಬಾಗಿಲು ತೆರೆಯಿತು. ಮೆಹಂದಿ ಹಚ್ಚಿದ ಪಾದವೊಂದು ಹೊರಗೆ ಚಾಚಿ ಕೇರಿಯ ಮಣ್ಣಿನಿಂದ ಗೇಣು ಮೇಲೆ ನಿಂತಿತು. ಒಳಗಿನಿಂದ ತಾಯಿಯ ಕೈ ಸೀರೆಯ ಸೆರಗನ್ನು ಜಗ್ಗುತ್ತಿತ್ತು. ಪಾದ ಕೆಳಗೂ ಬರಲಿಲ್ಲ, ಒಳಗೂ ಹೋಗಲಿಲ್ಲ.

ದೇವೀರಮ್ಮ ತಿರುಗಿ ನೋಡಲಿಲ್ಲ. ದಾರ ಹಲ್ಲಿಗೆ ಕಚ್ಚಿಕೊಂಡು ಅವ್ವನ ಹಣೆಯ ಮೇಲೆ ಬಗ್ಗಿದಳು.