ಮಲಗಿದವನಿಗೆ ಬೀಡಿ ಕಟ್ಟು

ನಮ್ಮ ಹೊಸನಗರದ ಕಡೆ ಒಂದು ರೂಢಿ. ಹೆಂಗಸು ಹಾಸಿಗೆ ಹಿಡಿದರೆ ನೋಡಲು ಹೋಗುವವರು ಬಾಳೆಹಣ್ಣು ಒಯ್ಯುತ್ತಾರೆ. ಗಂಡಸು ಮಲಗಿದರೆ ಬೀಡಿ ಕಟ್ಟು. "ಪಾಪ, ಹೊತ್ತು ಹೋಗ್ಬೇಕಲ್ಲ" ಎನ್ನುತ್ತಾರೆ.

ಗುತ್ಯಪ್ಪ ನಾಟಾ ಹೇರುವ ಆಳು; ಅಣೆಕಟ್ಟಿನ ಹಿನ್ನೀರಿಗೆ ಮುಳುಗುವ ಕಾಡಿನಲ್ಲಿ ಕಡಿದ ಮರದ ದಿಮ್ಮಿಗಳನ್ನು ಲಾರಿಗೆ ಏರಿಸುವ ಕೆಲಸ. ದಿಮ್ಮಿ ಉರುಳಿ ಬಲಗಾಲು ಮುರಿಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಮಲಗಿದ. ನೋಡಲು ಬಂದ ಜೊತೆಯ ಆಳುಗಳೆಲ್ಲ ದಿಂಬಿನ ಪಕ್ಕ ಬೀಡಿ ಕಟ್ಟು ಇಟ್ಟು ಹೋದರು. ಕೆಲಸದ ಬಿಡುವಿನಲ್ಲಿ ಮಾತ್ರ ಸೇದುತ್ತಿದ್ದವನು ಈಗ ಒಂದು ಆರುವ ಮೊದಲೇ ಇನ್ನೊಂದು ಹಚ್ಚತೊಡಗಿದ.

ಒಂದು ಮಧ್ಯಾಹ್ನ ಅವನ ಎಡಗಾಲಿನ ಮೀನಖಂಡ ಬಾತುಕೊಂಡಿತು. ಮುಟ್ಟಿದರೆ ಬಿಸಿ. ಹೆಂಡತಿ ದುಗ್ಗಮ್ಮ ಎಣ್ಣೆ ಕಾಯಿಸಿ ತಿಕ್ಕಲು ಕೂತಳು. ಅಷ್ಟರಲ್ಲಿ ಗುತ್ಯಪ್ಪನ ಅಕ್ಕನ ಮಗಳು ಮೀನಾಕ್ಷಿ ಬಂದಳು. ತೀರ್ಥಹಳ್ಳಿಯಲ್ಲಿ ನರ್ಸು, ರಜೆಗೆ ಊರಿಗೆ ಬಂದಿದ್ದಳು.

"ಅತ್ತೆ, ತಿಕ್ಬೇಡಿ! ಕೈ ತೆಗೀರಿ."

"ಎಂತಕ್ಕೆ ಮಾರಾಯ್ತಿ? ಉಳುಕಿರ್ಬೇಕು."

"ಮಲ್ಗಿದ್ದೋರಿಗೆ ಎಲ್ಲಿಂದ ಉಳುಕುತ್ತೆ? ಒಳಗೆ ರಕ್ತ ಹೆಪ್ಪುಗಟ್ಟಿರ್ಬೋದು. ತಿಕ್ಕಿದ್ರೆ ಆ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗ್ಬೋದು. ಅಲ್ಲಿ ರಕ್ತನಾಳ ಕಟ್ಟಿದ್ರೆ ಜೀವಾನೇ ಹೋಗ್ಬೋದು. ಮಾವ, ಆ ಬೀಡಿ ಆರ್ಸಿ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಹೊಸ ಕಟ್ಟು ತಂದು ಕೂತಿದ್ದ ಗೆಳೆಯ ಮಾಸ್ತಪ್ಪ ನಕ್ಕ. "ಹೊಗೆ ಹೋಗೋದು ಎದೆಗೆ, ಬಾತಿರೋದು ಕಾಲು. ಇದ್ನೇ ಕಲಿಸ್ತಾರಾ ನಿಂಗೆ ಆಸ್ಪತ್ರೇಲಿ?"

"ಹೊಗೆ ಎದೇಲೇ ನಿಲ್ಲಲ್ಲ ಮಾಸ್ತಣ್ಣ, ರಕ್ತಕ್ಕೂ ಸೇರುತ್ತೆ. ರಕ್ತ ಬೇಗ ಹೆಪ್ಪುಗಟ್ಟೋ ಹಂಗೆ ಮಾಡುತ್ತೆ. ಅಲ್ಲಾಡ್ದೆ ಮಲ್ಗಿದ್ರೆ ಕಾಲಿನ ರಕ್ತ ಮೊದ್ಲೇ ನಿಧಾನ."

"ಅಂದ್ರೆ ಬೀಡಿಯಿಂದ್ಲೇ ಬಾತಿದ್ದು ಅಂತೀಯಾ?"

"ಬೀಡಿ ಒಂದರಿಂದ್ಲೇ ಅನ್ನಲ್ಲ. ಸೇದದೇ ಇರೋರಿಗೂ ಬರುತ್ತೆ. ಸೇದೋರಿಗೆ ಅಪಾಯ ಹೆಚ್ಚು."

"ಬೀಡಿನೂ ಇಲ್ದೆ ಗೋಡೆ ನೋಡ್ತಾ ಬಿದ್ದಿರ್ಲಾ? ನಾಳೆ ನೋಡಾಣ" ಎಂದ ಗುತ್ಯಪ್ಪ. ಹೇಳಿದವನೇ ಎದೆ ಹಿಡಿದುಕೊಂಡ. ಎಷ್ಟು ಎಳೆದರೂ ಉಸಿರು ಸಾಲದು. ಕೆಮ್ಮಿದಾಗ ಅಂಗೈಗೆ ರಕ್ತ ಬಂತು.

ಮಾಸ್ತಪ್ಪ ಓಡಿಹೋಗಿ ನಾಟಾ ಲಾರಿಯೊಂದನ್ನು ತಡೆದ. ಗುತ್ಯಪ್ಪನನ್ನು ಹಲಗೆಯ ಮೇಲೆ ಹೊತ್ತು ಏರಿಸಿದರು. ರಿಪ್ಪನ್‌ಪೇಟೆ ದಾಟುವಾಗ ಅವನ ತುಟಿ ನೀಲಿಯಾಗಿತ್ತು. ದುಗ್ಗಮ್ಮ ಅಳಲೂ ಮರೆತು ಗಂಡನ ಬಾಯನ್ನೇ ನೋಡುತ್ತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಹೆಪ್ಪು ಬೆಳೆಯದಂತೆ ಇಂಜೆಕ್ಷನ್ ಕೊಟ್ಟರು. "ಶ್ವಾಸಕೋಶಕ್ಕೆ ಹೋದ ಹೆಪ್ಪಿನ ಚೂರು ಚಿಕ್ಕದಿತ್ತು, ಬದುಕಿದ. ದೊಡ್ಡದಾಗಿದ್ದರೆ ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ" ಎಂದರು ಡಾಕ್ಟರು.

ಗುತ್ಯಪ್ಪ ಒಂದೇ ದಿನದಲ್ಲಿ ಬದಲಾಗಲಿಲ್ಲ. ಸ್ವಲ್ಪ ಚೇತರಿಸಿಕೊಂಡದ್ದೇ ಬೀಡಿ ಕೇಳಿದ. ಕೊಡದ ಹೆಂಡತಿಗೆ ಬೈದ. ಒಂದು ಸಂಜೆ ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದ ಮಾಸ್ತಪ್ಪ, "ಹೊರಗೆ ಹೋಗಿ ಒಂದು ದಮ್ಮು ಎಳ್ಕೊಂಡು ಬರ್ತೀನಿ" ಎಂದು ಎದ್ದ.

"ಹೋಗು" ಎಂದ ಗುತ್ಯಪ್ಪ. "ಆ ಲಾರೀಲಿ ನಂಗೆ ಆಗಿದ್ದು ನಿಂಗೂ ಆಗ್ಲಿ, ಆಗ ಗೊತ್ತಾಗುತ್ತೆ."

ಮಾಸ್ತಪ್ಪ ಮತ್ತೆ ಕೂತ. ಆಮೇಲೆ ಗುತ್ಯಪ್ಪ ಬೀಡಿ ಕೇಳಲಿಲ್ಲ.

ಓದುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ಮಲಗಿದ್ದರೆ ಅವರ ಕಾಲು ನೋಡಿ. ಒಂದು ಕಾಲು ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ನಾಳೆಯವರೆಗೆ ಕಾಯಬೇಡಿ. ಸೇದುವವರೂ ಹಾಸಿಗೆ ಹಿಡಿಯುವವರೆಗೆ ಕಾಯಬೇಕಾಗಿಲ್ಲ. ಎದ್ದು ಓಡಾಡುತ್ತಿರುವಾಗಲೇ ನಿಲ್ಲಿಸಿ.