ಹದಿನೇಳು ಮೆಟ್ಟಿಲ ಮೇಲಿನ ಸಭೆ

ಸೋಮವಾರ ಸಂಜೆ ಐದಕ್ಕೆ ವಾಚನಾಲಯದ ಮಹಡಿಯಲ್ಲಿ ಆರೈಕೆ ಸಮಿತಿಯ ಸಭೆ. ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ಹೋಗಿ ಬಾಗಿಲು ತಟ್ಟುವುದು ಈ ಸಮಿತಿಯೇ. ಅದರ ಕಾರ್ಯದರ್ಶಿ ಲೋನಪ್ಪನ್ ಮಾಷ್, ಮೂವತ್ತೆರಡು ವರ್ಷ ಇದೇ ಊರಿನ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಹಡಿಗೆ ಹದಿನೇಳು ಮೆಟ್ಟಿಲು. ಹತ್ತಿ ಮುಗಿಸುವಷ್ಟರಲ್ಲಿ ಮಾಷ್ ಅವರ ಮಂಡಿ ಹದಿನೇಳು ಸಲ ಅಯ್ಯೋ ಎನ್ನುತ್ತಿತ್ತು. ಆದರೂ ಸಭೆ ಎಂದರೆ ಮಹಡಿಯಲ್ಲೇ. ಫ್ಯಾನು, ಉದ್ದನೆಯ ಮೇಜು, ಸ್ಥಾಪಕರ ಫೋಟೋಗಳು ಎಲ್ಲ ಇದ್ದದ್ದು ಅಲ್ಲಿ.

ಅವತ್ತು ಚರ್ಚೆಗೆ ಬಂದ ವಸ್ತು ಮಾತ್ರ ಕೆಳಗೆ ಹಲಸಿನ ಮರದ ನೆರಳಲ್ಲಿ ನಿಂತಿತ್ತು. ಬ್ಯಾಟರಿಯಿಂದ ಓಡುವ ಗಾಲಿಕುರ್ಚಿ. ನಾಲ್ಕೂ ಚಕ್ರ ದಪ್ಪ, ನೋಡಿದರೆ ಟ್ರ್ಯಾಕ್ಟರಿನ ಮರಿ ಎನ್ನಬೇಕು. ಕಲ್ಲು, ಮಣ್ಣು, ಏರು, ತಗ್ಗು ಯಾವುದಕ್ಕೂ ಹೆದರುವುದಿಲ್ಲವಂತೆ. ದೂರದ ಸಂಸ್ಥೆಯೊಂದು ವಾರದ ಮಟ್ಟಿಗೆ ಕಳಿಸಿಕೊಟ್ಟು, ‘ಇದು ನಿಮ್ಮಲ್ಲಿ ಉಪಯೋಗಕ್ಕೆ ಬರುತ್ತದೆಯೇ?’ ಎಂದು ಒಂದು ಪುಟದ ವರದಿ ಕೇಳಿತ್ತು. ಬರುತ್ತದೆ ಎಂದಾದರೆ, ಮೊನ್ನೆ ಊರೆಲ್ಲ ಸೇರಿ ಬಿರಿಯಾನಿ ಬೇಯಿಸಿ ಮನೆಮನೆಗೆ ಮಾರಿ ಕೂಡಿಸಿದ ಹಣವನ್ನು ಸಮಿತಿ ಇದಕ್ಕೆ ಹಾಕಬೇಕು. ಉಳಿದದ್ದು ಸಂಸ್ಥೆಯ ಪಾಲು.

ಆ ಕುರ್ಚಿಯ ಪಕ್ಕದಲ್ಲಿ, ಕೈಯಿಂದ ನೂಕುವ ತನ್ನ ಹಳೇ ಗಾಲಿಕುರ್ಚಿಯಲ್ಲಿ ವಿಲಾಸಿನಿ ಕೂತಿದ್ದಳು. ವಯಸ್ಸು ನಲವತ್ತೈದು, ಕಸುಬು ಬಾತುಕೋಳಿ ಸಾಕುವುದು. ಎರಡು ವರ್ಷದ ಹಿಂದೆ ಬಾತುಗಳನ್ನು ತುಂಬಿಕೊಂಡು ಬರುತ್ತಿದ್ದ ಟೆಂಪೋ ಕಾಲುವೆಗೆ ಮಗುಚಿತ್ತು. “ಬಾತುಗಳೆಲ್ಲಾ ಈಜ್ಕೊಂಡು ದಡ ಹತ್ತಿದ್ವು, ನಾನೊಬ್ಬಳೇ ಹತ್ತಲಿಲ್ಲ” ಎಂದು ಅವಳೇ ನಗುತ್ತ ಹೇಳುತ್ತಾಳೆ. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ.

ಮಹಡಿಯ ಕಿಟಕಿಯಲ್ಲಿ ಮಾಷ್ ಅವರ ತಲೆ ಕಾಣಿಸಿತು.

“ವಿಲಾಸಿನೀ, ನಿನ್ನ ಮನೆ ಬಾಗಿಲು ಅಗಲ ಮಾಡೋಕಾಗುತ್ತಾ?”

“ನನ್ನ ಗಂಡ ಬಡಗಿ ಮಾಷೇ, ಅವನನ್ನೇ ಕೇಳಿ. ಮೇಲೆ ಏನು ತೀರ್ಮಾನ ಆಯ್ತು?”

“ಇನ್ನೂ ತೂಗ್ತಾ ಇದೀವಿ.”

ಮೇಲೆ ನಿಜಕ್ಕೂ ತೂಗುತ್ತಿದ್ದರು. ಮಾಷ್ ಮಧ್ಯಾಹ್ನವೇ ಟೇಪು ಹಿಡಿದು ಕುರ್ಚಿಯದೂ ಅವಳ ಮನೆ ಬಾಗಿಲಿನದೂ ಅಳತೆ ತೆಗೆದಿದ್ದರು. ಜೊತೆಗೆ ಬಂದ ಕಾಗದದ ಪ್ರಕಾರ ಕುರ್ಚಿಯ ತೂಕ ನೂರ ಹತ್ತು ಕಿಲೋ. ಆಟೋಗೆ ಹತ್ತಿಸುವಂತಿಲ್ಲ. ವಿಲಾಸಿನಿಯ ಮನೆ ಬಾಗಿಲಿಗಿಂತ ಎರಡು ಇಂಚು ಅಗಲ. ಮಳೆಗಾಲದಲ್ಲಿ ತಗ್ಗು ನೆಲದ ಕೋಳ್ ಗದ್ದೆಗಳೆಲ್ಲ ಮುಳುಗಿ ಕೆರೆಯಾಗುವಾಗ ಅದಕ್ಕೆ ಕೆಲಸವೇ ಇಲ್ಲ. ಎದುರಿನ ಚಹಾದಂಗಡಿಯ ಪೊರಿಂಜು ಸಮಿತಿಯ ಹಳೇ ಸದಸ್ಯ, ಅವನು ಮೇಜು ಕುಟ್ಟಿದ.

“ಅಷ್ಟು ದುಡ್ಡಲ್ಲಿ ಬಸ್ ಸ್ಟಾಪ್ ಹತ್ರ ಚೆಂದಾಗಿ ಒಂದು ಲಾಟರಿ ಟಿಕೆಟ್ ಮಾರೋ ಗೂಡು ಹಾಕ್ಕೊಡೋಣ ಮಾಷೇ. ಕೂತ್ಕೊಂಡು ಮಾಡೋ ಕೆಲಸ. ನೆರಳು ಇರುತ್ತೆ, ಮನೆ ಪಕ್ಕದಲ್ಲೇ. ನನ್ನ ಅಂಗಡಿಯಿಂದ ದಿನಾ ಚಹಾ ನಾನೇ ಕಳಿಸ್ತೀನಿ.”

“ಅವಳು ಲಾಟರಿ ಕೇಳಿದ್ಲಾ?” ಎಂದಳು ನಫೀಸಾ ಸಿಸ್ಟರ್. ಸಮಿತಿಯ ಜೀಪಿನಲ್ಲಿ ಮನೆಮನೆಗೆ ಹೋಗಿ ರೋಗಿಗಳ ಹುಣ್ಣು ತೊಳೆದು ಬರುವ ನರ್ಸ್ ಅವಳು.

“ಕೇಳೋದೇನು? ಗಾಲಿಕುರ್ಚೀಲಿ ಇರೋರು ಎಲ್ಲಾ ಕಡೆ ಲಾಟರೀನೇ ಮಾರೋದು, ಇನ್ನೇನು ಮಾಡ್ತಾರೆ? ಒಳ್ಳೇದಕ್ಕೇ ಅಲ್ವಾ ಹೇಳ್ತಿರೋದು?”

ಒಳ್ಳೆಯದಕ್ಕೇ ಹೇಳುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ವಿಲಾಸಿನಿ ಆಸ್ಪತ್ರೆಯಲ್ಲಿದ್ದಾಗ ಒಂದು ತಿಂಗಳು ಅವಳ ಮನೆಗೆ ಊಟ ಹೊತ್ತವನು ಅವನೇ. ಮಾಷ್‌ಗೂ ಲಾಟರಿ ಗೂಡು ಲೆಕ್ಕಕ್ಕೆ ಸರಿ ಕಂಡಿತು. ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ, ‘ಲಾಟರಿ ಕೊಳ್ಳುವವನಿಗೆ ಬಹುಮಾನ ಬರುವ ಸಾಧ್ಯತೆ ಎಷ್ಟು?’ ಎಂಬ ಲೆಕ್ಕ ಹಾಕಿಸಿ, ಕೊಳ್ಳುವವರನ್ನು ದಡ್ಡರೆಂದು ಬೈದವರು ಇದೇ ಮಾಷ್. ಅದು ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಎಲ್ಲರೂ ಕೆಳಗೆ ಬಂದು, ಮಾಷ್ ವಿಷಯ ತಿಳಿಸಿದಾಗ ವಿಲಾಸಿನಿಯ ಮುಖದ ನಗು ಮಾಯವಾಯಿತು.

“ಮಾಷೇ, ಭಾನುವಾರ ಬಾತು ಕೊಳ್ಳೋಕೆ ಗಿರಾಕಿ ಬರ್ತಾನೆ. ನಾನೂರು ಬಾತು. ನನ್ನ ಗಂಡ ಸುಗತೇಟ್ಟ ಪಾಪ ಉಳಿ ಹಿಡಿಯೋ ಮನುಷ್ಯ, ಅವನ ಮಾತು ಅವು ಕೇಳಲ್ಲ. ಹೋದ ವಾರ ಬೇರೆಯವರ ಹಿಂಡಿಗೆ ನಲವತ್ತು ಸೇರ್ಕೊಂಡು ಹೋದ್ವು. ಬೆಳಿಗ್ಗೆ ಸಂಜೆ ದೊಡ್ಡಿಯಲ್ಲಿ ನಾನು ಕೂಗಿದ್ರೆ ಒಂದೊಂದೂ ಬರುತ್ತೆ. ಗದ್ದೇಲಿ ನನ್ನ ದನಿ ಇಲ್ಲ, ಅಷ್ಟೇ. ಅಲ್ಲಿಗೆ ಹೋಗೋಕೆ ಆದ್ರೆ ಮಾರೋದು ಬೇಡ. ಆಗದಿದ್ರೆ ಭಾನುವಾರಕ್ಕೆ ಎಲ್ಲಾ ಮುಗೀತು.”

“ನನಗೆ ಅರ್ಥ ಆಗುತ್ತಮ್ಮ. ಆದ್ರೆ ಅಳತೆ ಸರಿಹೋಗ್ತಿಲ್ಲ.”

“ಕುರ್ಚಿ ಅಳತೆ ಎಲ್ಲಾ ತಗೊಂಡ್ರಿ. ಒಂದು ಸಲ ಕೂತು ನೋಡಿದ್ರಾ? ಶಾಲೇಲಿ ನೀವೇ ಹೇಳ್ತಿದ್ರಿ, ಉತ್ತರ ಬರೆದ್ರೆ ಸಾಲದು, ಮಾಡಿ ತೋರಿಸು ಅಂತ. ನನಗೆ ಹಾಗೇ ಮೂರು ಮಾರ್ಕು ಕಳೆದು ಫೇಲ್ ಮಾಡಿದ್ರಿ.”

ಪೊರಿಂಜು ಕಿಸಕ್ಕನೆ ನಕ್ಕ. ಮಾಷ್‌ಗೆ ಮುಖಭಂಗವಾದಂತಾಯಿತು. “ಗುರುವಾರ ಬೆಳಿಗ್ಗೆ ಕೂತೇ ತೋರಿಸ್ತೀನಿ” ಎಂದರು.

ಗುರುವಾರ ಒಂಬತ್ತಕ್ಕೆ ಮಾಷ್ ಪಂಚೆ ಎತ್ತಿ ಕಟ್ಟಿ ಕುರ್ಚಿಯಲ್ಲಿ ಕೂತರು. ಬಲಗೈ ಹತ್ತಿರ ಬೆರಳುದ್ದದ ಒಂದು ಕಡ್ಡಿ, ಅದನ್ನು ಮುಂದಕ್ಕೆ ತಳ್ಳಿದರೆ ಕುರ್ಚಿ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ಗದ್ದೆ ಎರಡು ಕಿಲೋಮೀಟರು ದೂರ. ವಿಲಾಸಿನಿಯನ್ನು ನಫೀಸಾ ಜೀಪಿನಲ್ಲಿ ಮುಂದಾಗಿ ಕರೆದುಕೊಂಡು ಹೋಗಿದ್ದಳು.

ಮಂಡಿಗೆ ನೋವಿಲ್ಲದೆ ಹೋಗುವುದು ಮಾಷ್‌ಗೆ ಮೊದಮೊದಲು ಖುಷಿಯಾಗಿಯೇ ಇತ್ತು. ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಗೆ ಮೊಳದೆತ್ತರದ ಒಂದು ಮೆಟ್ಟಿಲು, ಕುರ್ಚಿ ಅದಕ್ಕೆ ಹಣೆ ಹಚ್ಚಿ ನಿಂತುಬಿಟ್ಟಿತು. ಪೊರಿಂಜು ಲೋಟ ಹೊರಗೇ ತಂದುಕೊಟ್ಟ. ಒಳಗೆ ತಮ್ಮ ದಿನದ ಗೆಳೆಯರು ಪೇಪರ್ ಹಂಚಿಕೊಂಡು ಜಗಳವಾಡುತ್ತಿದ್ದರು. ಆ ಜಗಳಕ್ಕೆ ಸೇರಲಾಗದೆ ಮಾಷ್ ಬಿಸಿಲಲ್ಲಿ ಚಹಾ ಕುಡಿದರು. ಅಷ್ಟರಲ್ಲಿ ಚರ್ಚಿನಿಂದ ಬರುತ್ತಿದ್ದ ಮರಿಯಮ್ಮ ಅವರನ್ನು ನೋಡಿದ್ದೇ ಎದೆ ಬಡಿದುಕೊಂಡಳು.

“ಅಯ್ಯೋ ಕರ್ತಾವೇ! ಮಾಷೇ, ಯಾವಾಗಾಯ್ತು? ಪೊರಿಂಜೂ, ಮಾತು ಬರುತ್ತಾ ಇವರಿಗೆ?”

“ನನ್ನನ್ನೇ ಕೇಳಬಾರದಾ?” ಎಂದು ಮಾಷ್ ಗದರಿದರು. ಮರಿಯಮ್ಮ, “ಮಾತು ಬರುತ್ತೆ, ಸದ್ಯ” ಎಂದು ಶಿಲುಬೆ ಗುರುತು ಹಾಕಿಕೊಂಡು ಹೋದಳು.

ಬಸ್ ಸ್ಟಾಪ್ ದಾಟುವಾಗ ಬೇರೆ ಊರಿನವನೊಬ್ಬ ಬೈಕು ತಂದು ಪಕ್ಕದಲ್ಲೇ ನಿಲ್ಲಿಸಿದ.

“ಚೇಟ್ಟಾ, ಇವತ್ತಿಂದು ಟಿಕೆಟ್ ಇದ್ಯಾ?”

“ಯಾವ ಟಿಕೆಟ್ಟು?”

“ಲಾಟರಿ. ಕೊನೇಲಿ ಏಳು ಬರೋದು ಇದ್ರೆ ಎರಡು ಕೊಡಿ.”

“ನಾನು ಗಣಿತದ ಮೇಷ್ಟ್ರು ಕಣಯ್ಯಾ!”

“ಇರಲಿ ಬಿಡಿ, ರಿಟೈರ್ ಆದ್ಮೇಲೆ ಎಲ್ಲರಿಗೂ ಏನಾದ್ರೂ ಬೇಕಲ್ಲ. ಲೆಕ್ಕ ಬರೋರು ಬೇರೆ, ನೀವೇ ಒಳ್ಳೇ ನಂಬರ್ ಆರಿಸ್ಕೊಡಿ.”

ಮಾಷ್‌ಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ನಾಲ್ಕು ಮಾತು ಬೈಯಬೇಕೆಂದು ಕುರ್ಚಿಯ ತೋಳು ಹಿಡಿದರು. ಹಿಡಿದವರು ಹಾಗೇ ಕೂತರು. ತಾವಾದರೆ ಎದ್ದು ನಿಲ್ಲಬಹುದು. ಸೋಮವಾರ ಮಹಡಿಯ ಮೇಲೆ ಫ್ಯಾನಿನ ಕೆಳಗೆ ಕೂತು ತಾವು ವಿಲಾಸಿನಿಗೆ ಮಾಡಿದ್ದೂ ಇದನ್ನೇ ಅಲ್ಲವೇ? ಈ ಮನುಷ್ಯ ಕುರ್ಚಿ ನೋಡಿ ಟಿಕೆಟ್ ಕೇಳಿದ, ತಾವು ಅದೇ ಕುರ್ಚಿ ನೋಡಿ ಟಿಕೆಟ್ ಕೈಗೆ ಕೊಡಲು ಹೊರಟಿದ್ದರು. ಅವಳು ಯಾರೆಂದು, ಅವಳ ಕೈಯಲ್ಲಿ ಏನಾಗುತ್ತದೆಂದು ಮೂರನೇ ತರಗತಿಯಿಂದ ಬಲ್ಲವರು ತಾವು. ಮಾಷ್‌ಗೆ ನಿಜವಾಗಿ ನಾಚಿಕೆಯಾಯಿತು.

“ಟಿಕೆಟ್ ಇಲ್ಲಪ್ಪ” ಎಂದಷ್ಟೇ ಹೇಳಿ ಕಡ್ಡಿ ಮುಂದಕ್ಕೆ ತಳ್ಳಿದರು.

ಗದ್ದೆಯ ಏರಿ ಮೇಲೆ ಕುರ್ಚಿ ಸಲೀಸಾಗಿ ಓಡಿತು. ಹಳ್ಳ ಬಂದರೆ ಇಳಿಯಿತು, ದಿಬ್ಬ ಬಂದರೆ ಹತ್ತಿತು. ಎರಡೂ ಕಡೆ ಕೊಯ್ಲಾದ ಗದ್ದೆ, ಕೂಳೆ ಸಾಲು, ನಿಂತ ನೀರು. ಮಾಷ್‌ಗೆ ಹುರುಪು ಬಂದು, ಯಾರು ಬೇಡವೆಂದರೂ ಕೇಳದೆ ಏರಿಯಿಂದ ಕೆಳಗಿಳಿಸಿದರು. ಹತ್ತು ಮಾರು ಹೋಗುವುದರೊಳಗೆ ನಾಲ್ಕೂ ಚಕ್ರ ಕೆಸರಲ್ಲಿ ಹೂತವು. ವಿಲಾಸಿನಿಯ ಗಂಡ ಸುಗತನ್ ಹಗ್ಗ ತಂದ, ಪಕ್ಕದ ಗದ್ದೆಯಲ್ಲಿದ್ದ ಟ್ರ್ಯಾಕ್ಟರಿನವನು ಕೈಜೋಡಿಸಿದ. ಎಳೆದು ದಡಕ್ಕೆ ತಂದಾಗ ಮಾಷ್‌ಗೆ ಸೊಂಟದವರೆಗೆ ಕೆಸರು.

ಬಾಗಿಲು ತೆರೆದ ಜೀಪಿನಲ್ಲಿ ಕೂತು ವಿಲಾಸಿನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ನಗ್ತೀಯಾ? ಹೂತುಹೋಯ್ತು ಅಂತ ವರದೀಲಿ ಬರೀಬೇಕಾಗುತ್ತೆ” ಎಂದರು ಮಾಷ್.

“ಬರೀರಿ ಮಾಷೇ. ಪಕ್ಕದಲ್ಲೇ ಟ್ರ್ಯಾಕ್ಟರಿಂದೂ ಬರೀರಿ. ಈ ವರ್ಷ ಮೂರು ಸಲ ಹೂತಿದೆ. ಅದು ಉಪಯೋಗಕ್ಕೆ ಬರಲ್ಲ ಅಂತ ಯಾರೂ ವಾಪಸ್ ಕಳಿಸಲಿಲ್ಲ.”

ಟ್ರ್ಯಾಕ್ಟರಿನವನು, “ಮೂರಲ್ಲ ಚೇಚಿ, ನಾಲ್ಕು” ಎಂದ.

“ನಾನು ಗದ್ದೆಗಿಳೀಬೇಕು ಅಂತ ಯಾರು ಹೇಳಿದ್ರು? ಬಾತು ಮೇಯಿಸೋರು ಏರಿ ಮೇಲೇ ನಡೆಯೋದು. ಗದ್ದೆಗಿಳಿಯೋದು ಬಾತು. ಇದನ್ನ ಕೇಳಿದ್ರೆ ಮೊದಲೇ ಹೇಳ್ತಿದ್ದೆ.”

ನಫೀಸಾ ಮತ್ತು ಸುಗತನ್ ಅವಳನ್ನೆತ್ತಿ ಕುರ್ಚಿಗೆ ಕೂರಿಸಿ ಪಟ್ಟಿ ಬಿಗಿದರು. ಅವಳು ಕಡ್ಡಿಯನ್ನು ಎರಡು ಸಲ ಆಚೆ ಈಚೆ ಮಾಡಿ ನೋಡಿದಳು. ಆಮೇಲೆ ಕುರ್ಚಿ ಏರಿ ಹಿಡಿದು ಹೊರಟಿತು. ನೂರು ಮಾರು ದೂರದಲ್ಲಿ ಬಾತುಗಳು ಮೂರು ಗದ್ದೆಗೆ ಚದುರಿ, ಹತ್ತಿಪ್ಪತ್ತು ಆಗಲೇ ಕಾಲುವೆ ದಾಟಿದ್ದವು. ವಿಲಾಸಿನಿ ಅಂಗೈ ಬಾಯಿಗೆ ಹಿಡಿದಳು.

“ತಾರಾ ತಾರಾ ತಾರಾ ಹೋಯ್!”

ಮೇಯುತ್ತಿದ್ದ ತಲೆಗಳೆಲ್ಲ ಒಮ್ಮೆಗೇ ಎದ್ದವು. ಆಮೇಲೆ ಶುರುವಾಯಿತು ಗದ್ದಲ. ಕಾಲುವೆ ದಾಟಿದವು ಹಿಂದಕ್ಕೆ ಈಜಿದವು, ದೂರದವು ರೆಕ್ಕೆ ಬಡಿಯುತ್ತ ಒಂದರ ಮೇಲೊಂದು ಬಿದ್ದು ಓಡಿಬಂದವು. ಕ್ಷಣದಲ್ಲಿ ಏರಿಯ ಕೆಳಗೆ ನಾನೂರು ಬಾತು. ಕುರ್ಚಿ ಮುಂದೆ ಹೋದರೆ ಅವೂ ಮುಂದೆ, ನಿಂತರೆ ಅವೂ ನಿಂತವು. ಸುಗತನ್ ಹೆಗಲ ಮೇಲಿದ್ದ ಬಿದಿರು ಕೋಲನ್ನು ಕೆಳಗಿಟ್ಟು, “ಇಷ್ಟು ದಿನ ನನ್ನನ್ನ ಕುಣಿಸಿದ್ವಲ್ಲ, ಬೋಳಿಮಕ್ಕಳು” ಎಂದು ಬೈದು ಕಣ್ಣೊರೆಸಿಕೊಂಡ.

ವಿಲಾಸಿನಿ ತಿರುಗಿ ಬಂದಾಗ ಮಾಷ್ ಮೆಲ್ಲಗೆ ಕೇಳಿದರು. “ಈ ಎರಡು ವರ್ಷ ಯಾಕಮ್ಮ ಏನೂ ಹೇಳಲಿಲ್ಲ?”

“ಹೇಳಿದೆ ಮಾಷೇ. ಕೆಳಗಿಂದ ಎಷ್ಟೋ ಸಲ ಕೂಗಿದೆ. ಮೇಲೆ ನಿಮ್ಮ ಫ್ಯಾನಿನ ಸದ್ದು ಜಾಸ್ತಿ.”

ಭಾನುವಾರ ಮಧ್ಯಾಹ್ನ, ವರದಿ ಮುಗಿಸುವ ಸಂಜೆಯ ಸಭೆಗೆಂದು ಮಾಷ್ ಪೊರಿಂಜುವನ್ನು ಕರೆದು, ಮಹಡಿಯ ಉದ್ದನೆಯ ಮೇಜನ್ನು ಇಬ್ಬರೂ ಹಿಡಿದು ಕೆಳಗಿಳಿಸಿ ಹಲಸಿನ ಮರದಡಿ ಹಾಕಿದರು.

“ಇಲ್ಲಿ ಸಭೆ ಮಾಡಿದ್ರೆ ದಾರೀಲಿ ಹೋಗೋರೆಲ್ಲಾ ಕೇಳಿಸ್ಕೊಳ್ತಾರೆ” ಎಂದು ಪೊರಿಂಜು ಗೊಣಗಿದ.

“ಕೇಳಿಸ್ಕೊಳ್ಳಲಿ. ನಾವೇನು ಕದ್ದ ಮಾಲು ಹಂಚ್ಕೋತಿದೀವಾ?”

ಐದು ಹೊಡೆಯಿತು. ನಫೀಸಾ ಬಂದು ಕೂತಳು, ವಿಲಾಸಿನಿಯ ಸುಳಿವಿಲ್ಲ. ಐದೂಕಾಲಾಯಿತು. ಸಭೆಯನ್ನು ಒಂದು ನಿಮಿಷವೂ ತಡ ಮಾಡದ ಮಾಷ್ ಗಡಿಯಾರ ನೋಡಿಕೊಳ್ಳುತ್ತ ಕೂತೇ ಇದ್ದರು. ಪೊರಿಂಜುವಿಗೆ ತಡೆಯಲಾಗಲಿಲ್ಲ.

“ಶುರು ಮಾಡೋಣ ಮಾಷೇ. ಅವಳು ಬಂದ ಮೇಲೆ ತೀರ್ಮಾನ ಹೇಳಿದ್ರಾಯ್ತು.”

“ಎರಡು ವರ್ಷ ಹಾಗೇ ಮಾಡಿದ್ವಲ್ಲ ಪೊರಿಂಜೂ. ಇವತ್ತು ಕಾಯೋಣ.”

ಆರಕ್ಕೆ ಹತ್ತು ನಿಮಿಷವಿರುವಾಗ, ಗುರುವಾರದಿಂದ ಅವಳ ಬಳಿಯೇ ಇದ್ದ ದಪ್ಪ ಚಕ್ರದ ಕುರ್ಚಿ ತಿರುವಿನಲ್ಲಿ ಕಾಣಿಸಿತು. ಚಕ್ರಕ್ಕೆಲ್ಲ ಕೆಸರು, ವಿಲಾಸಿನಿಯ ಕೂದಲಲ್ಲಿ ಒಂದು ಪುಕ್ಕ, ಹಿಂದೆ ಸುಗತನ್.

“ತಡ ಆಯ್ತು ಮಾಷೇ. ಬಾತುಗಳನ್ನ ದೊಡ್ಡಿಗೆ ಸೇರಿಸದೆ ಬರೋ ಹಾಗಿರಲಿಲ್ಲ. ಗಿರಾಕಿ ಬೇರೆ ಬಂದು ಕೂತಿದ್ದ.”

“ಏನಂದೆ?” ಎಂದರು ಮೂವರೂ ಒಟ್ಟಿಗೆ.

“ಚಹಾ ಕೊಟ್ಟು ಕಳಿಸಿದೆ.” ಆಮೇಲೆ ಸ್ವಲ್ಪ ಅಳುಕುತ್ತ ಹೇಳಿದಳು, “ನೀವು ಕುರ್ಚಿ ವಾಪಸ್ ಕಳಿಸಿದ್ರೆ ಮತ್ತೆ ಅವನ ಕಾಲು ಹಿಡೀಬೇಕು.”

ಮಾಷ್ ವರದಿಯ ಹಾಳೆ ಮತ್ತು ಪೆನ್ನನ್ನು ಅವಳ ಮುಂದಿಟ್ಟರು. ತೂಕ, ಅಗಲ, ಚಕ್ರ ಎಲ್ಲ ಅವರ ದುಂಡನೆಯ ಅಕ್ಷರದಲ್ಲಿ ತುಂಬಿತ್ತು. ‘ಉಪಯೋಗಕ್ಕೆ ಬರುತ್ತದೆಯೇ?’ ಎಂಬುದರ ಮುಂದೆ ಮಾತ್ರ ಖಾಲಿ. ವಿಲಾಸಿನಿ ನಾಲಿಗೆ ಕಚ್ಚಿ, ಪರೀಕ್ಷೆ ಬರೆಯುವ ಹಾಗೆ ಬಗ್ಗಿ ಬರೆದಳು. ಮಾಷ್ ಅದನ್ನು ಗಟ್ಟಿಯಾಗಿ ಓದಿದರು.

“ಮನೆಯೊಳಗೆ ಬರುವುದಿಲ್ಲ, ಒಳಗೆ ಹಳೆಯದು ಸಾಕು. ಹೊಸದನ್ನು ಬಾತಿನ ದೊಡ್ಡಿಯಲ್ಲಿ ಇಡುತ್ತೇನೆ. ಬ್ಯಾಟರಿ ಚಾರ್ಜ್ ಮಾಡಲು ಗದ್ದೆಯ ಪಂಪ್‌ಮನೆಯಲ್ಲಿ ಕರೆಂಟ್ ಇದೆ. ಹಸಿ ಕೆಸರಿಗೆ ಇಳಿಸಬಾರದು, ಇಳಿಸಿದವರು ಹಗ್ಗ ತರಬೇಕು. ಮಳೆಗಾಲದ ನಾಲ್ಕು ತಿಂಗಳು ಉಪಯೋಗವಿಲ್ಲ, ಉಳಿದ ಎಂಟು ತಿಂಗಳು ನನ್ನ ಕಸುಬು ನನ್ನ ಕೈಯಲ್ಲಿ. ಇನ್ನೊಂದು ದೋಷ, ವಾಚನಾಲಯದ ಮಹಡಿ ಹತ್ತುವುದಿಲ್ಲ.”

ಕೊನೆಯ ಸಾಲಿಗೆ ಬಂದಾಗ ಮಾಷ್ ಜೇಬಿನಿಂದ ಕೆಂಪು ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು.

“ಏನು ತಪ್ಪಾಯ್ತು ಮಾಷೇ?” ಎಂದಳು ವಿಲಾಸಿನಿ ಗಾಬರಿಯಿಂದ.

“ಇದು ಕುರ್ಚಿ ದೋಷ ಅಲ್ಲಮ್ಮ. ಈ ಹಾಳೇಲಿ ಇರಬಾರದು.”

ನಫೀಸಾ ಸಮಿತಿಯ ಪರವಾಗಿ ಸಹಿ ಹಾಕಿದಳು. ಪೊರಿಂಜು ಪೆನ್ನು ಹಿಡಿದು ಒಂದು ಗಳಿಗೆ ತನ್ನ ಅಂಗಡಿಯ ಮೆಟ್ಟಿಲ ಕಡೆ ನೋಡಿ, “ಸುಗತಾ, ಆ ಮೆಟ್ಟಿಲಿಗೊಂದು ಇಳಿಜಾರು ಹಲಗೆ ಮಾಡ್ಕೊಡ್ತೀಯೇನೋ? ದಿನಾ ಚಹಾ ಹೊತ್ಕೊಂಡು ಹೊರಗೆ ಬರೋಕೆ ನನ್ನ ಕೈಲಾಗಲ್ಲ” ಎಂದ. ಆಮೇಲೆ ಅವನೂ ಸಹಿ ಹಾಕಿದ.

ಮಾಷ್ ಸಭೆಯ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಾಜರಿ ಪಟ್ಟಿಯಲ್ಲಿ ವಿಲಾಸಿನಿಯ ಹೆಸರು ಬರೆದು, ಅದರ ಕೆಳಗೆ ಮುಂದಿನ ಸಭೆಯ ವಿವರ ತುಂಬಿದರು. ಸ್ಥಳ: ಹಲಸಿನ ಮರದ ಕೆಳಗೆ. ಸಮಯ ಎಂಬಲ್ಲಿ ಅಭ್ಯಾಸಬಲದಿಂದ ಐದು ಎಂದು ಬರೆದವರು, ಅದನ್ನೂ ಹೊಡೆದುಹಾಕಿ ಹೊಸದಾಗಿ ಬರೆದರು: ಬಾತುಗಳು ದೊಡ್ಡಿ ಸೇರಿದ ಮೇಲೆ.